ಬೇರೆ ತಾಯಿಯ ಗೂಡಿಗೆ ಹಾಕಿದ ಎರಡು ಮರಿಗಳು

ಸುಜಾತಮ್ಮ, ಆ ಎರಡು ಇಲಿಮರಿಗಳನ್ನು ಬೇರೆ ತಾಯಿಯ ಗೂಡಿಗೆ ಹಾಕಿದವಳು ನಾನೇ. ನೀವು ಕೇಳಿದಾಗ ಇಲ್ಲ ಎಂದೆ. ಹನ್ನೆರಡು ವರ್ಷ ಬಾಯಿ ಬಿಡಲಿಲ್ಲ. ನೀವು ತೀರಿಕೊಂಡ ಮೇಲೆ ಹೇಳುತ್ತಿದ್ದೇನೆ.

ಅದರ ಹಿಂದಿನ ದಿನ ಎಲ್ಲ ಎಂದಿನಂತೆಯೇ ಇತ್ತು. ಚಳ್ಳಕೆರೆಯ ಹೊರಗಿನ ಆ ಪುಟ್ಟ ಪ್ರಯೋಗಾಲಯದಲ್ಲಿ ನಾನು ಬಿಳಿ ಇಲಿಗಳ ಪಂಜರ ತೊಳೆದು, ಭತ್ತದ ಹೊಟ್ಟು ಬದಲಿಸುತ್ತಿದ್ದೆ. ನೀವು ಪಿಎಚ್.ಡಿ.ಗಾಗಿ ಮೊಳಕಾಲ್ಮೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದಿರಿ. ನಾನು ದೊಡ್ಡಉಳ್ಳಾರ್ತಿಯ ಕುರಿ ಕಾಯುವ ಮನೆಯವಳೆಂದು ಛೇಡಿಸಿದಿರಿ:

“ಓಬಕ್ಕ, ನಿಮ್ಮ ಕುರಿಗಿಲ್ಲದ ಮರ್ಯಾದೆ ನನ್ನ ಇಲಿಗೈತೆ ನೋಡು. ಒಂದೊಂದು ಪಂಜರಕ್ಕೂ ಚೀಟಿ, ಅಪ್ಪ-ಅವ್ವನ ವಿಳಾಸ!”

“ನಮ್ಮ ಕುರಿಗೆ ಚೀಟಿ ಯಾಕ್ರಿ? ಮುಖ ನೋಡಿದ್ರೆ ಗೊತ್ತಾಗ್ತೈತೆ.”

ನೀವು ನಕ್ಕಿರಿ.

ಮರುದಿನ ಬೆಳಿಗ್ಗೆ ಒಂದು ತಾಯಿ ಇಲಿ ಸತ್ತಿತ್ತು. ಎರಡು ಮರಿಗಳು ಇನ್ನೂ ಉಸಿರಾಡುತ್ತಿದ್ದವು — ಕಣ್ಣು ತೆರೆಯದ, ಶೇಂಗಾ ಬೀಜದಂಥ ಕೆಂಪು ಜೀವಗಳು. ನಮ್ಮ ಹಟ್ಟಿಯಲ್ಲಿ ತಬ್ಬಲಿ ಮರಿಗೆ ಬೇರೆ ಕುರಿಯ ಹಾಲು ಸವರಿ ಅದರ ಕೆಳಗೆ ಬಿಡುತ್ತೇವೆ; ಆ ಕುರಿ ಮೂಸಿ ನೋಡಿ, ತನ್ನದೆಂದು ಮೊಲೆ ಕೊಡುತ್ತದೆ. ನಾನೂ ಹಾಗೇ, ಆಗಷ್ಟೇ ಈದಿದ್ದ ನಿಮ್ಮ ಪ್ರಯೋಗದ ಇಲಿಯ ಗೂಡಿನ ಹೊಟ್ಟನ್ನು ಮರಿಗಳ ಮೈಗೆ ಉಜ್ಜಿ ಒಳಗೆ ಸೇರಿಸಿದೆ. ಒಪ್ಪಿಕೊಂಡಿತು. ಎಲ್ಲವೂ ಬಿಳಿಯೇ — ತಳಿ ಮಾತ್ರ ಬೇರೆ. ಚೀಟಿಯಲ್ಲಿ ಬರೆಯಬೇಕೆಂದು ನನಗೆ ಗೊತ್ತಿತ್ತು. ಬರೆಯಲಿಲ್ಲ.

ಒಂದು ಇಲಿಯ ಚರ್ಮದ ತುಂಡನ್ನು ಇನ್ನೊಂದರ ಮೈಗೆ ಹೊಲಿಯುವುದು ನಿಮ್ಮ ಪ್ರಯೋಗ; ಒಂದೇ ತಳಿಯಾದರೆ ಹತ್ತುತ್ತದೆ, ಬೇರೆಯಾದರೆ ಉದುರುತ್ತದೆ ಎಂದು ನೀವೇ ಹೇಳಿಕೊಟ್ಟಿದ್ದಿರಿ. ಆ ಮರಿಗಳು ಬೆಳೆದ ಮೇಲೆ ನೀವು ಹೊಲಿದ ತುಂಡುಗಳಲ್ಲಿ ಕೆಲವು ಕಪ್ಪಾಗಿ, ಒಣಗಿ, ಉದುರಿದವು. ನನ್ನ ಮೈ ಜುಮ್ಮೆಂದಿತು — ಭಯ ಒಂದೇ ಅಲ್ಲ. ತಾಯಿಯ ಮೂಗನ್ನು ನಾನು ವಂಚಿಸಿದ್ದೆ. ಒಂದೇ ಮೊಲೆ ಉಂಡು, ಒಂದರ ಮೇಲೊಂದು ಮಲಗಿ ಬೆಳೆದವು ಅವು... ಆದರೂ ಆ ಇಷ್ಟೇ ಇಷ್ಟು ಮೈಯೊಳಗೆ ಏನೋ ಒಂದು, ಕಣ್ಣಿಲ್ಲದೆ, ಮೂಗಿಲ್ಲದೆ, ಇದು ನನ್ನದಲ್ಲ ಎಂದು ಗುರುತಿಸಿತ್ತು. ಅಂಥದ್ದರ ಎದುರು ನಿಂತು ನಾನು —

“ಓಬಕ್ಕ, ಮರಿ ಏನಾರ ಅದಲುಬದಲಾಗೈತಾ? ಆಗಿದ್ರೆ ಹೇಳು, ಬೈಯಲ್ಲ,” ಎಂದಿರಿ.

“ಇಲ್ರಿ.”

ಯಾವ ಗೂಡಿಗೆ ಹಾಕಿದೆನೆಂದು ಹೇಳಿದ್ದರೆ ಮಿಕ್ಕ ಇಲಿಗಳಾದರೂ ಉಳಿಯುತ್ತಿದ್ದವು. ಯಾವುದನ್ನೂ ನಂಬಲಾಗದೆ ಆ ಗುಂಪನ್ನೆಲ್ಲ ಕೊಲ್ಲಬೇಕಾಯಿತು. ಯಾರಿಗೂ ಏನನ್ನೂ ತಿಳಿಸಿಕೊಡದೆ ಹೋದ ಜೀವಗಳು. ಮೇಲಿನವರು ನಿಮ್ಮ ಹೊಲಿಗೆಯ ಕೈಯೇ ಸರಿಯಿಲ್ಲ ಎಂದರು. ನೀವು ಮತ್ತೆ ಮೊದಲಿನಿಂದ ಶುರುಮಾಡಿದಿರಿ. ಅಷ್ಟರಲ್ಲಿ ಪಿಎಚ್.ಡಿ.ಯ ಅವಧಿ ಮುಗಿಯಿತು. ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಹೋದಿರಿ.

ನಿನ್ನೆ ಮೊಳಕಾಲ್ಮೂರಿಗೆ ಹೋಗಿ ನಿಮ್ಮ ಅವ್ವನಿಗೆ ಎಲ್ಲ ಹೇಳಿದೆ. ಅವರು, “ತನ್ನ ಕೈಯೇ ಸರಿಯಿಲ್ಲ ಅಂದ್ಕೊಂಡೇ ಹೋದ್ಳಲ್ಲವ್ವ,” ಎಂದರು. ಗೋಡೆಯ ಮೇಲೆ ನಿಮ್ಮ ಫೋಟೋ ಹಾಕಿದ್ದಾರೆ. ಕೆಳಗೆ ನಿಮ್ಮ ಹೆಸರಿದೆ. ಹೆಸರಿನ ಮೊದಲು ‘ಡಾ.’ ಇಲ್ಲ.