ತೋಳಿನ ಮೇಲೆ ಚಿಗಟ ಸಾಕಿದ ಕಾಕಾ

ಆ ಸಂಜೆ ತೆಲುಗು ಸೀಮೆಯ ದುವ್ವಾಡದಲ್ಲಿದ್ದ ನಮ್ಮ ಬಾಡಿಗೆ ಮನೆಯ ಕೆಳಗಿನ ಕಟ್ಟೆಯ ಮೇಲೆ ನಾವಿದ್ದದ್ದು ಇಷ್ಟೇ ಜನ: ನಾನು, ನಮ್ಮ ಮನೆಯವರು, ನನ್ನ ತೊಡೆಯ ಮೇಲೆ ನಾಲ್ಕು ತಿಂಗಳ ಮಗಳು, ಎದುರಿಗೆ ಕೆಳಮನೆಯ ವಿರೂಪಾಕ್ಷ ಕಾಕಾ. ಕಾಕಾ ಎಡಗೈ ಅಂಗಿ ಮೇಲಕ್ಕೆ ಮಡಚಿ, ಒಂದು ಗಾಜಿನ ಡಬ್ಬಿಯ ಮುಚ್ಚಳ ತೆಗೆದು, ಅದನ್ನು ತೋಳಿನ ಮೇಲೆ ಬೋರಲು ಹಾಕಿದರು. ಎಳ್ಳಿನ ಕಾಳಿನಂಥ ಚಿಗಟಗಳು ಚರ್ಮಕ್ಕೆ ಕಚ್ಚಿಕೊಂಡವು.

"ಇವರ ಊಟದ ಹೊತ್ತು ಅಂಡಿ," ಎಂದರು. ಅವರ ಗದಗಿನ ಕನ್ನಡಕ್ಕೆ ತೆಲುಗಿನ ಆ ಮರ್ಯಾದೆಯ 'ಅಂಡಿ' ಅಂಟಿಕೊಂಡು ಎಷ್ಟೋ ವರ್ಷವಾಗಿತ್ತು. "ಬ್ಯಾರೇದವರ ರಕ್ತ ಇವಕ್ಕ ಒಗ್ಗೂದಿಲ್ಲ. ನಂದೇ ಆಗಬೇಕು."

ಸೆರಗನ್ನು ಮಗುವಿನ ಪಾದದವರೆಗೂ ಎಳೆದುಕೊಂಡೆ.

ಕಾಕಾ ಹರೆಯದಲ್ಲೇ ವಿಜಯವಾಡದ ಗ್ಯಾರೇಜುಗಳ ಕೇರಿ ಆಟೋನಗರಕ್ಕೆ ಬಂದು ಮೋಟಾರು ವೈಂಡಿಂಗ್ ಕಲಿತವರು. ಈಗ ದುವ್ವಾಡದ ಒಂದು ಫ್ಯಾಕ್ಟರಿಯಲ್ಲಿ ಪಂಪು ನೋಡಿಕೊಳ್ಳುತ್ತಿದ್ದರು. ಹಿಂದೆ ಆಟೋನಗರದಲ್ಲಿ ಜನರೇಟರ್ ರಿಪೇರಿಗೆ ಬಂದ ಸರ್ಕಸ್ಸಿನ ಮುದುಕನೊಬ್ಬ ಈ ಚಿಗಟದಾಟ ಕಲಿಸಿ ಹೋದನಂತೆ. ಕೂದಲಿಗಿಂತ ತೆಳ್ಳನೆಯ ತಾಮ್ರದ ತಂತಿಯ ಕುಣಿಕೆ ಮಾಡಿ ಚಿಗಟದ ಕೊರಳಿಗೆ ಹಾಕಿ, ಅದಕ್ಕೆ ಕಾಗದದ ಬಂಡಿ ಕಟ್ಟುತ್ತಿದ್ದರು. ಬಂಡಿ ನಿಜಕ್ಕೂ ಹೊರಡುತ್ತಿತ್ತು. ಆದರೆ ಅವರು ಮನಸೋತದ್ದು ಅವುಗಳ ನೆಗೆತಕ್ಕೆ.

"ರೆಕ್ಕಿ ಇಲ್ಲ ನೋಡು ತಂಗೆವ್ವಾ. ಕಾಲಿನ ಬುಡದಾಗ ರಬ್ಬರಿನಂಥಾದ್ದು ಒಂದು ಐತಿ. ಅದನ್ನ ಒತ್ತಿ ಹಿಡಕೊಂಡು ಕುಂತಿರತೈತಿ. ಬಿಟ್ಟತಂದ್ರ ಕಣ್ಣಿಗೇ ಸಿಗೂದಿಲ್ಲ. ನೀನೂ ಹಂಗ ನೆಗದ್ರ ಸಿಂಹಾಚಲದ ಗುಡಿ ಮೆಟ್ಟಲಾ ಹತ್ತೂ ಕೆಲಸಾನ ಇರೂದಿಲ್ಲ."

ನಮ್ಮವರು ನಕ್ಕರು. ನನಗೆ ನಗು ಬರಲಿಲ್ಲ. ನಾನು ಮಾತು ಕಲಿತದ್ದು ಅಜ್ಜಿಯ ಬಾಯಿಂದ, ಅಜ್ಜಿಯ ಮಾತಿನಲ್ಲಿ ಅರ್ಧ ಪ್ಲೇಗಿನ ಕತೆ. ಜಂತಿಯಿಂದ ಇಲಿ ಸತ್ತು ಬಿದ್ದರೆ ಮನೆಗೆ ಕೀಲಿ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು ಇರುತ್ತಿದ್ದರಂತೆ. ಆ ಇಲಿಯ ಮೈಯಿಂದ ಚಿಗಟ ಮನುಷ್ಯರಿಗೆ ಹಾರುತ್ತಿತ್ತಂತೆ. ಆಮೇಲೆ ಜ್ವರ, ಕಂಕುಳಲ್ಲಿ ಗಡ್ಡೆ. ಚಿಗಟ ಅಂದರೆ ಸಾಕು, ನನ್ನ ಕೈ ತಾನಾಗಿ ಕಂಕುಳಿಗೆ ಹೋಗುತ್ತದೆ. ಕಾಕಾ ಕೂಡ ಅವೇ ಕತೆ ಕೇಳಿ ಬೆಳೆದವರು. "ಅವು ಇಲೀವು, ಇವು ನಾಯೀವು. ಮನಿತನಾನ ಬ್ಯಾರೆ," ಅಂದು ನನಗೆ ಸಮಾಧಾನ ಹೇಳುತ್ತಿದ್ದರು.

ಒಂದು ಭಾನುವಾರ ಅವರೇ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು.

"ಹವಾಲ್ದಾರ ಕಾಣವಲ್ಲ. ಕೂಸಿನ ಹಾಸಿಗಿ ಒಂದೀಟು ಜಾಡಿಸಿ ನೋಡವಾ."

ಹವಾಲ್ದಾರನೆಂದರೆ ಎಲ್ಲಕ್ಕಿಂತ ಎತ್ತರ ನೆಗೆಯುವ ಚಿಗಟ. ಕುಲಾವಿ, ದುಪಟಿ, ತೊಟ್ಟಿಲ ಹಗ್ಗ ಎಲ್ಲವನ್ನೂ ಬಿಸಿಲಿಗೆ ಹಾಕಿ ಹೊಲಿಗೆ ಹೊಲಿಗೆಯನ್ನೂ ಬಿಡಿಸಿ ನೋಡಿದೆ. ಸಿಗಲಿಲ್ಲ. ನೆಲದ ಮೇಲೆ ಸಾಸಿವೆ ಕಾಳು ಕಂಡರೂ ಬಗ್ಗಿ ಹಿಸುಕಿ ನೋಡುತ್ತಿದ್ದೆ.

ಅದೇ ವಾರ ಮಗಳ ಮೈ ಕೆಂಡವಾಯಿತು. ಹಾಲು ಬಿಟ್ಟಳು. ಕತ್ತಿನ ಹತ್ತಿರ ಒಂದು ಕೆಂಪು ಗುಳ್ಳೆ ಎದ್ದಿತ್ತು. ಎತ್ತಿಕೊಂಡು ಕೆಳಗೆ ಓಡಿದರೆ, ಜ್ವರದ ಸುದ್ದಿ ಕೇಳಿ ಆಗಲೇ ಆಟೋ ನಿಲ್ಲಿಸಿಕೊಂಡು ಕಾಕಾ ಗೇಟಿನ ಬಳಿ ನಿಂತಿದ್ದರು. ಜ್ವರ ಎಷ್ಟಿದೆ ಎಂದು ಕೇಳಲಿಲ್ಲ. ಹತ್ತಿರವೂ ಬರಲಿಲ್ಲ.

"ಕಂಕುಳಾಗ ಗಡ್ಡಿ ಐತೇನವಾ?"

ಆಗಲೇ ಮುಟ್ಟಿ ನೋಡಿದ್ದೆ, ಏನೂ ಇರಲಿಲ್ಲ. ಆದರೂ ಅವರಿಗೆ ಹೇಳದೆ ಆಟೋ ಹತ್ತಿದೆ. ಆಟೋದಲ್ಲಿ ದಾರಿಯುದ್ದಕ್ಕೂ ಮತ್ತೆ ಮತ್ತೆ ಮುಟ್ಟಿ ನೋಡಿದೆ.

ಆಸ್ಪತ್ರೆಯ ಡಾಕ್ಟರಮ್ಮ ಟಾರ್ಚ್ ಹಿಡಿದು ಮಗುವಿನ ಕಿವಿ ನೋಡಿದರು. ಒಳಗೆ ಕೀವು ಕಟ್ಟಿದೆ, ಜ್ವರ ಅದರದ್ದೇ ಎಂದು ತೆಲುಗಿನಲ್ಲಿ ಹೇಳಿದರು. ಕತ್ತಿನ ಗುಳ್ಳೆ ತೋರಿಸಿದೆ. "ದೋಮ ಅಮ್ಮಾ," ಎಂದರು. ಬರೀ ಸೊಳ್ಳೆ. ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ.

ಮನೆಗೆ ಬಂದಾಗ ಅಂಗಳವೆಲ್ಲ ಫಿನಾಯಿಲ್ ವಾಸನೆ. ಮೂಲೆಯಲ್ಲಿ ಕಾಕಾನ ಹಾಸಿಗೆ, ಅಂಗಿಗಳು ಸುಟ್ಟು ಬೂದಿಯಾಗಿದ್ದವು. ಗಾಜಿನ ಡಬ್ಬಿಯಿಂದ ಇನ್ನೂ ಹಬೆ ಏಳುತ್ತಿತ್ತು. ಕುದಿಯುವ ನೀರು ಸುರಿದಿದ್ದರು. ಪಕ್ಕದಲ್ಲಿ ಕಾಗದದ ಬಂಡಿಗಳು ಒದ್ದೆಯಾಗಿ ಮುದ್ದೆಯಾಗಿದ್ದವು.

"ಎಲ್ಲಾ ಮುಗಿಸಿದೆ ಅಂಡಿ. ಕೂಸು?"

"ಕಿವಿಯೊಳಗೆ ಕೀವು ಆಗಿತ್ತು ಕಾಕಾ. ಅಷ್ಟೇ."

"ಕಿವೀದೇನು," ಎಂದರು. ಡಬ್ಬಿಯನ್ನೊಮ್ಮೆ ನೋಡಿದರು. "ಛಲೋ ಆತು ಬಿಡವಾ," ಎಂದರು. ಮಗುವನ್ನು ಅವರ ಕಡೆ ನೀಡಿದೆ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

ಕಾಕಾ ಕೆಲಸ ಬಿಟ್ಟು ಆಟೋನಗರದಲ್ಲಿದ್ದ ತಮ್ಮನ ಮನೆಗೆ ಹೊರಟ ದಿನವೂ ಅವಳನ್ನು ಎತ್ತಿಕೊಳ್ಳಲಿಲ್ಲ. ಆಮೇಲೊಮ್ಮೆ ಫೋನಿನಲ್ಲಿ, "ಮತ್ತೆ ಸಾಕಿದಿರೇನು ಕಾಕಾ?" ಎಂದು ಕೇಳಿದೆ. "ಇಲ್ಲವಾ. ಇಲ್ಲೂ ತಮ್ಮನ ಮೊಮ್ಮಕ್ಕಳು ಅದಾವು," ಎಂದರು.

ಈ ಆಷಾಢದಲ್ಲಿ ಅವರ ತಮ್ಮ ಫೋನ್ ಮಾಡಿ ಕಾಕಾ ಹೋದ ಸುದ್ದಿ ಹೇಳಿದರು. ಸಾವಿನ ಮನೆಗೆ ಚಿಕ್ಕ ಮಗು ಬೇಡ, ಪಕ್ಕದವರ ಹತ್ತಿರ ಬಿಡೋಣ ಎಂದರು ನಮ್ಮವರು. ನಾನು ಕೇಳಲಿಲ್ಲ. ಅವರು ಎತ್ತಿಕೊಳ್ಳದೇ ಹೋದ ಮಗಳನ್ನು ಕರೆದುಕೊಂಡೇ ವಿಜಯವಾಡದ ರೈಲು ಹತ್ತಿದೆ.