ಕುರಿ ಎದ್ದ ರಾತ್ರಿಗೆ ಜೋಳವಿಲ್ಲ

ಮಾಳಪ್ಪ ಎಂಬ ಕುರಿಗಾರ ನನ್ನ ನಂಬರನ್ನು ತನ್ನ ಮೊಬೈಲಿನಲ್ಲಿ ‘ಮಳಿ ಸರ್’ ಅಂತ ಸೇವ್ ಮಾಡಿಕೊಂಡಿದ್ದಾನೆ. ಇದು ಗೊತ್ತಾಗಿದ್ದು ಮೊನ್ನೆ. ಗೊತ್ತಾದಾಗ ನಗು ಬರಬೇಕಿತ್ತು. ಬರಲಿಲ್ಲ.

ಹೆಸರು ಸುಮ್ಮನೆ ಬಂದದ್ದಲ್ಲ, ಸಂಪಾದಿಸಿದ್ದು. ದಸರೆಯ ಆಸುಪಾಸಿನ ಹದಿನೈದು ದಿನಗಳಲ್ಲಿ ಬೀದರದ ನಮ್ಮ ಮನೆಯ ಟೆರೇಸಿನ ಮೇಲೆ ನಿಂತು ಅವನಿಗೆ ನಾನು ಮಾಡಿದ ಫೋನುಗಳನ್ನು ಎಣಿಸಿದರೆ, ಮಗಳ ಮದುವೆಯಲ್ಲೂ ಅಷ್ಟು ಮಾಡಿರಲಿಲ್ಲ. ಪ್ರತಿ ಸಲವೂ ವಿಷಯ ಒಂದೇ: ಮಳೆ ಬರುತ್ತದಂತೆ.

ನಿಮಗೆ ಗೊತ್ತಲ್ಲ, ಚಿಂತೆ ಮಾಡುವುದು ನನ್ನ ಹಳೆಯ ಹವ್ಯಾಸ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಅಂತ ಅರ್ಧ ದಾರಿಯಿಂದ ವಾಪಸ್ ಬರುವವನು ನಾನು. (ಆಫ್ ಆಗಿಯೇ ಇರುತ್ತದೆ. ಆದರೆ ವಾಪಸ್ ಬರುವ ಗಡಿಬಿಡಿಯಲ್ಲಿ ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಹೊಸ ಚಿಂತೆ ಹುಟ್ಟಿರುತ್ತದೆ.) ಇಂಥವನ ಕೈಗೆ ಹವಾಮಾನದ ಆ್ಯಪ್ ಸಿಕ್ಕರೆ ಏನಾಗಬೇಡ?

ಠಾಣಾ ಕುಶನೂರದ ಆಚೆ, ಒಂದು ಹಳ್ಳದ ದಂಡೆಗೆ, ನನ್ನ ಹೆಸರಿನಲ್ಲಿ ನಾಲ್ಕು ಎಕರೆ ಕಪ್ಪು ಮಣ್ಣಿನ ಎರೆಹೊಲ ಇದೆ. ನೋಡಿಕೊಳ್ಳುವವನು ಅದೇ ಊರಲ್ಲಿರುವ ದೊಡ್ಡಪ್ಪನ ಮಗ, ನನಗೆ ಅಣ್ಣನಾಗಬೇಕು. ಈ ವರ್ಷ ಸೋಯಾ ಕೊಯ್ದಾದ ಮೇಲೆ, ಕಡಲೆ ಬಿತ್ತುವ ಮೊದಲು ಹೊಲಕ್ಕೆ ಗೊಬ್ಬರ ಬೇಕೆಂದು ಅವನು ಮಾಳಪ್ಪನ ಕುರಿ ತರುಬಿಸಿದ. ತರುಬಿಸುವುದು ಅಂದರೆ ಇಷ್ಟೇ: ಹಗಲೆಲ್ಲ ಮೇಯ್ದು ಬಂದ ಕುರಿಗಳು ರಾತ್ರಿ ನಮ್ಮ ಹೊಲದಲ್ಲಿ, ಬಲೆ ಕಟ್ಟಿದ ಆವರಣದೊಳಗೆ ಮಲಗುತ್ತವೆ. ಹಿಕ್ಕೆ, ಗಂಜಲ ನೆಲಕ್ಕೆ. ಬೆಳಿಗ್ಗೆ ಹೊಲದವರ ಮನೆಯಿಂದ ಕುರಿಗಾರನಿಗೆ ಜೋಳ ಅಳೆದು ಕೊಡಬೇಕು. ಆ ಜೋಳವೇ ಅವರ ರೊಟ್ಟಿ. ಉಳಿದದ್ದು ಚೀಲ ಸೇರಿ ಭಾಲ್ಕಿ ಕಡೆಯ ಅವರ ಊರಿಗೆ ಹೋಗುತ್ತದೆ. ಅಲ್ಲಿ ಮಾಳಪ್ಪನ ತಾಯಿ ಇದ್ದಾಳೆ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಬೇಸಿಗೆ ಕಳೆಯುವ ತನಕ ಅವರ ಊಟವೂ ಇದರಲ್ಲೇ.

ಎಂಬತ್ತು ಕುರಿ, ಹನ್ನೊಂದು ಮರಿ, ಮಾಳಪ್ಪ, ಅವನ ಹೆಂಡತಿ ನಾಗಮ್ಮ. ಇಷ್ಟು ಜನ (ಕುರಿಗಳನ್ನೂ ಸೇರಿಸಿ) ನನ್ನ ಹೊಲದಲ್ಲಿ ಮಲಗಿರುವಾಗ ನನಗೆ ನಿದ್ದೆ ಬರುವುದಾದರೂ ಹೇಗೆ?

ಮೊದಲ ಸಲ ಆ್ಯಪ್‌ನಲ್ಲಿ ಕಪ್ಪು ಮೋಡ, ಅದರ ಕೆಳಗೆ ಮೂರು ಹನಿ ಕಂಡವು. ಫೋನ್ ಮಾಡಿದೆ. ‘ಮಾಳಪ್ಪ, ಇವತ್ತು ಜೋರು ಮಳೆ ಅದ ಅಂತ. ಎತ್ತರಕ್ಕ ಹೋಗ್ರಿ.’ ಅವನು ಸಂಜೆ ಬಲೆ ಬಿಚ್ಚಿ, ಸಾಮಾನು ಹೊತ್ತು, ಕುರಿಗಳನ್ನು ಮೇಲಿನ ಬೀಳು ನೆಲಕ್ಕೆ ಹೊಡೆದುಕೊಂಡು ಹೋದ. ಮಳೆ ಬಂತು. ಬೀದರದಲ್ಲಿ, ನಮ್ಮ ಟೆರೇಸಿನ ಮೇಲೆ. ಅಲ್ಲಿ ಹನಿ ಬೀಳಲಿಲ್ಲ.

ಎರಡನೇ ಸಲವೂ ಹಾಗೇ. ಮೂರನೇ ಸಲವೂ ಹಾಗೇ.

ನನ್ನ ಹೆಂಡತಿ ಬಂದು ಮೊಬೈಲ್ ಇಣುಕಿ ನೋಡಿದಳು. ‘ಏನ್ರಿ, ಇದರಾಗ ಬೀದರ ಅಂತ ಬರದದಲ್ಲ? ಹೊಲ ಎಲ್ಲಿ ಅದ, ನೀವೆಲ್ಲಿ ನೋಡ್ಲತ್ತೀರಿ?’

ಮೂವತ್ತು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದವನು ನಾನು. ಗಂಟೆಗಟ್ಟಲೆ ದೂರದ ಹೊಲಕ್ಕೆ ನನ್ನ ತಲೆಯ ಮೇಲಿನ ಆಕಾಶವನ್ನು ನೋಡಿ ಮಳೆ ಹೇಳುತ್ತಿದ್ದೆ. ಊರಿನ ಹೆಸರು ಬದಲಿಸಿಕೊಂಡು ಮಾಳಪ್ಪನಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ.

‘ಇರ್ಲಿ ಬಿಡ್ರಿ ಸರ್,’ ಅಂದ. ಆಮೇಲೆ, ‘ಖರೇ ಮೂರು ರಾತ್ರಿ ಜ್ವಾಳ ಹೋಯ್ತು ನೋಡ್ರಿ.’

‘ಹ್ಯಾಂಗ?’

‘ಕುರಿ ಎಬ್ಬಿಸಿದ ರಾತ್ರಿದು ಜ್ವಾಳ ಇರೂದಿಲ್ಲಲ್ರಿ. ನಿಮ್ಮ ಅಣ್ಣಾರು ಕೊಡ್ತೇನಿ ಅಂದ್ರು. ನಾವೇ ಒಲ್ಲೆ ಅಂದೇವಿ.’

ಇದು ನನಗೆ ಹೊಳೆದೇ ಇರಲಿಲ್ಲ. ಸಿಡಿಲಿನಿಂದ ಹಿಡಿದು ಹಾವಿನವರೆಗೆ ಎಲ್ಲದರ ಚಿಂತೆ ಮಾಡಿದ್ದೆ. ನಾನು ಕಾಪಾಡಿದ ಮೂರು ರಾತ್ರಿಗಳ ಮರುದಿನ ಅವರು ಏನು ತಿಂದರು ಅನ್ನುವುದು ಮಾತ್ರ ನನ್ನ ಚಿಂತೆಯ ಪಟ್ಟಿಯಲ್ಲಿ ಇರಲಿಲ್ಲ. ಚಿಂತೆ ಮಾಡುವವರ ತೊಂದರೆಯೇ ಇದು. ನಮಗೆ ಸಮಾಧಾನ ಆಗುವ ಹಾಗೆ ಚಿಂತೆ ಮಾಡುತ್ತೇವೆ.

ನಾಚಿಕೆಯಾಗಿ ನಾಲ್ಕು ದಿನ ಫೋನ್ ಮುಟ್ಟಲಿಲ್ಲ. ಐದನೆಯ ದಿನ ಬೆಳಿಗ್ಗೆ ಅವನೇ ಫೋನ್ ಮಾಡಿದ.

‘ಸರ್, ಹಳ್ಳದ ನೀರು ಯಾಕೋ ನಿಂತಂಗ ಕಾಣ್ತದ. ಹರೀವಲ್ದು. ಇವತ್ತ ಎದ್ದು ಬಿಡ್ಲೇನ್ರಿ?’

ಆ್ಯಪ್ ತೆಗೆದೆ. ಈ ಸಲ ಸರಿಯಾದ ಊರು. ಬಿಸಿಲು. ಮರುದಿನವೂ ಬಿಸಿಲು. ಇನ್ನೊಂದು ರಾತ್ರಿಯ ಜೋಳ ನನ್ನಿಂದ ಕಳೆಯಬಾರದು ಅನ್ನುವ ಹಟ ಬೇರೆ. ಜೀವನದಲ್ಲಿ ಮೊದಲ ಸಲ ಧೈರ್ಯವಂತನ ಹಾಗೆ ಮಾತಾಡಿದೆ.

‘ಏನೂ ಆಗೂದಿಲ್ಲ ಮಾಳಪ್ಪ. ಒಂದು ಮೋಡ ಸೈತ ಇಲ್ಲ. ಆರಾಮ ಇರ್ರಿ.’

ಅವನು ಇದ್ದ. ಕುರಿ ಹೊಡೆದುಕೊಂಡು ಮೇಯಿಸಲು ದಿಣ್ಣೆಯ ಕಡೆ ಹೋದ. ಡೇರೆಯಲ್ಲಿ ನಾಗಮ್ಮ ಉಳಿದಳು. ದೂರ ನಡೆಯಲಾಗದ ಹನ್ನೊಂದು ಮರಿಗಳು ಬುಟ್ಟಿಗಳ ಕೆಳಗೆ ಉಳಿದವು. ಅಷ್ಟು ದಿನ ಕೂಡಿಟ್ಟ ಮೂರು ಚೀಲ ಜೋಳ ಡೇರೆಯೊಳಗೆ ಉಳಿಯಿತು.

ಮಧ್ಯಾಹ್ನ ನೆತ್ತಿ ಸುಡುವ ಬಿಸಿಲಿನಲ್ಲಿ ನೀರು ಬಂತು.

ಮಳೆ ಆದದ್ದು ಎಲ್ಲೋ ಮೇಲೆ, ಮಹಾರಾಷ್ಟ್ರದ ಕಡೆ. ಈ ಹಳ್ಳ ಹೋಗಿ ಸೇರುವ ಮಾಂಜ್ರಾ ಹೊಳೆ ತುಂಬಿ, ಹಳ್ಳದ ನೀರನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಹಳ್ಳ ಹಿಂದಕ್ಕೆ ತಿರುಗಿತು. ಸದ್ದಿಲ್ಲ, ಅಲೆ ಇಲ್ಲ. ಅಣ್ಣ ಹೇಳುವ ಪ್ರಕಾರ, ಚಾಪೆ ಬಿಚ್ಚಿದ ಹಾಗೆ ಹೊಲದ ಮೇಲೆ ಹಾಸಿಕೊಂಡು ಬಂತು.

ಮರುದಿನ ಬೆಳಿಗ್ಗೆ ಬೀದರದ ಗಾಂಧಿ ಗಂಜ್ ಮಾರುಕಟ್ಟೆಗೆ ಹೋಗಿ ಒಂದು ಚೀಲ ಜೋಳ ತೆಗೆದುಕೊಂಡೆ. ಬಸ್ಸಿನ ಮೇಲೆ ಹಾಕಿಸಿ ಠಾಣಾ ಕುಶನೂರಕ್ಕೆ ಹೋದೆ. ದಾರಿಯುದ್ದಕ್ಕೂ ಆಕಾಶ ತೊಳೆದಿಟ್ಟ ಹಾಗೆ ನೀಲಿ.

ಡಾಂಬರು ರಸ್ತೆಯ ಅಂಚಿನಲ್ಲಿ ಅವರಿಬ್ಬರೂ ಇದ್ದರು. ರಸ್ತೆಯ ಮೇಲೆ ತೊಯ್ದ ಜೋಳ ಹರವಿದ್ದರು. ಹುಳಿ ವಾಸನೆ ಬರುತ್ತಿತ್ತು. ನಾಗಮ್ಮ ಕುಕ್ಕರಗಾಲಲ್ಲಿ ಕೂತು ಕಾಳಿನಲ್ಲಿ ಕೈಯಾಡಿಸುತ್ತಿದ್ದಳು. ಪಕ್ಕದಲ್ಲೇ ಹನ್ನೊಂದು ಮರಿಗಳು, ಏನೂ ಆಗಿಲ್ಲವೆಂಬಂತೆ ಜಿಗಿದಾಡುತ್ತಿದ್ದವು.

‘ಮರಿ ಎಲ್ಲಾ ಉಳಿದಾವಲ್ಲ,’ ಅಂದೆ.

‘ಎರಡೆರಡು ಹೊತ್ಕೊಂಡು ದಿಣ್ಣಿಗಿ ಓಡೀನ್ರಿ. ಆರು ಸಲ ಆಯ್ತು. ಏಳನೇ ಸಲಕ್ಕ ಬರೂದ್ರಾಗ ಚೀಲ ನೀರಾಗ,’ ಅಂದಳು ನಾಗಮ್ಮ.

‘ಮೊದಲ ಒಂದು ಚೀಲ ಆದ್ರೂ...’ ಅಂತ ಮಾಳಪ್ಪ ಗೊಣಗಿದ.

ಅವಳು ತಲೆ ಎತ್ತಲಿಲ್ಲ. ‘ಮರಿ ಒದರ್ತಿದ್ವು. ಜ್ವಾಳ ಒದರೂದಿಲ್ಲ. ನೀ ಇದ್ದಿದ್ರ ಯಾವುದು ತರ್ತಿದ್ದಿ?’

ಮಾಳಪ್ಪ ಒಂದು ಹಿಡಿ ಕಾಳು ಎತ್ತಿ ಮೂಸಿದ. ಆಮೇಲೆ, ‘ಈ ಜ್ವಾಳದ್ದು ರೊಟ್ಟಿ ಬಡಿಯಾಕ ಬರೂದಿಲ್ರಿ. ಹಿಟ್ಟು ಹರದು ಹೋಗ್ತದ,’ ಅಂತ ನನಗೆ ವಿವರಿಸಿದ. ರೇಷನ್ ಅಕ್ಕಿ ಬರುತ್ತದಲ್ಲ ಅಂತ ಕೇಳಿದೆ. (ಕೇಳಬಾರದಿತ್ತು. ಆದರೆ ಪೇಟೆಯವರ ಬಾಯಿಗೆ ಮೊದಲು ಬರುವುದೇ ಆ ಪ್ರಶ್ನೆ.) ‘ಬರ್ತದ್ರಿ. ಊರಾಗ ಅವ್ವ, ಹುಡುಗೀರು ಉಣ್ತಾರ. ತಿಂಗಳು ತುಂಬೂದಿಲ್ಲ. ಮತ್ತ ಅಕ್ಕಿ ಉಂಡು ಕುರಿ ಹಿಂದ ದಿನಪೂರ್ತಿ ನಡೀರಿ ನೋಡೋಣ.’

ಹಾನಿ ಬರೆದುಕೊಳ್ಳಲು ಅಂದು ಬೆಳಿಗ್ಗೆ ಸರ್ಕಾರದ ಕಡೆಯಿಂದ ಒಬ್ಬರು ಬಂದಿದ್ದರಂತೆ. ಒಳ್ಳೆಯ ಮನುಷ್ಯ, ನೀರಿನ ಬಾಟಲಿ ಕೊಟ್ಟು ಮಾತಾಡಿಸಿದರಂತೆ. ಮನೆ ಬಿದ್ದಿದೆಯಾ? ಮನೆ ಇಲ್ಲಿಲ್ಲ. ಬೆಳೆ ಹೋಗಿದೆಯಾ? ಹೊಲ ಇವರದ್ದಲ್ಲ. ಜಾನುವಾರು ಸತ್ತಿವೆಯಾ? ಇಲ್ಲ. ಅವರ ಕಾಗದದಲ್ಲಿ ಇದ್ದದ್ದು ಈ ಮೂರೇ ಸಾಲು. ನಾಗಮ್ಮ ಆ ಮರಿಗಳನ್ನು ಹೊತ್ತು ಓಡದೆ ಇದ್ದಿದ್ದರೆ ಒಂದು ಸಾಲಾದರೂ ತುಂಬುತ್ತಿತ್ತು.

ನಾನು ಚೀಲ ಅವಳ ಮುಂದೆ ಇಟ್ಟೆ.

‘ಇದು ಯಾವ ರಾತ್ರಿದ್ರಿ ಅಣ್ಣಾರ?’ ಅಂದಳು.

ಅರ್ಥವಾಗಲಿಲ್ಲ. ಮತ್ತೆ ಕೇಳಿದಳು. ಕುರಿ ಕೂತ ರಾತ್ರಿಗಳ ಜೋಳವೆಲ್ಲ ಸಿಕ್ಕಿದೆ, ಹಾಗಾದರೆ ಇದು ಯಾವ ರಾತ್ರಿಯದು?

‘ಆ ಮೂರು ರಾತ್ರಿ ನಾನೇ ಎಬ್ಬಿಸಿದೆನಲ್ಲ, ತಂಗಿ. ನಿನ್ನೆ ಇರ್ರಿ ಅಂದವನೂ ನಾನೇ. ತಪ್ಪು ನಂದು.’

‘ತಪ್ಪಿಗಿ ಜ್ವಾಳ ಅಳಿಯೂ ಪದ್ಧತಿ ನಮ್ಮಲ್ಲಿಲ್ರಿ. ಕುರಿ ಕೂಡ್ರದ ರಾತ್ರಿದು ಜ್ವಾಳ ಒಮ್ಮಿ ತಗೊಂಡ್ರ, ನಾಳೆ ನಮ್ಮ ಕುರಿ ಯಾರು ಕರೀತಾರ? ಬೇಡಿ ತಿನ್ನೋರು ಅಂತಾರ.’

ಮಾಳಪ್ಪ ಚೀಲದ ಕಡೆ ನೋಡಿದ. ಹೆಂಡತಿಯ ಕಡೆ ನೋಡಿದ. ಅವನಿಗೆ ಹಸಿವಾಗಿತ್ತು ಅಂತ ನನಗೆ ಈಗಲೂ ಅನಿಸುತ್ತದೆ.

ಹಾಗಾದರೆ ಹೊಲ ಒಣಗಿದ ಮೇಲೆ ಬಂದು ಕುರಿ ತರುಬಿ ಅಂದೆ. ಅದಕ್ಕೆ ಅವಳಿಗೆ ನಿಜವಾಗಿ ನಗು ಬಂತು. ‘ನಿಮ್ಮ ಎರಿ ಹೊಲ ಆರೂದಕ್ಕ ಹದಿನೈದು ದಿನ ಬೇಕ್ರಿ. ಈಗ ಕುರಿ ಇಳಿದ್ರ ಗೊರಸು ಕೊಳೀತಾವ. ಅಷ್ಟು ದಿನ ಹೊಟ್ಟಿಗೇನು, ಗಾಳಿ?’ ಆಮೇಲೆ ನಗು ನಿಲ್ಲಿಸಿ ಹೇಳಿದಳು: ‘ಕೊಡೂದಿದ್ರ ಒಂದು ಹೊಲ ಕೊಡಸ್ರಿ. ಎತ್ತರದಾಗಿಂದು, ಕೆಂಪು ಗಟ್ಟಿ ನೆಲ. ಕುರಿ ಕೂತ್ರ ಜ್ವಾಳ ನಾವೇ ಇಸ್ಕೊಂತೇವಿ.’

ಚೀಲವನ್ನು ಅಣ್ಣನ ಮನೆಯಲ್ಲಿಟ್ಟು ವಾಪಸ್ ಬಂದೆ. ಅಂದಿನಿಂದ ಮತ್ತೆ ಫೋನ್ ಹಿಡಿದಿದ್ದೇನೆ, ಈ ಸಲ ಹೊಲದವರಿಗೆ. ಒಬ್ಬರು ಗೊಬ್ಬರದ ಚೀಲ ಆಗಲೇ ತಂದಿದ್ದೇವೆ ಅಂದರು. ಇನ್ನೊಬ್ಬರು, ಕುರಿ ತುಳಿದು ನೆಲ ಗಟ್ಟಿಯಾದರೆ ಟ್ರ್ಯಾಕ್ಟರ್‌ನವನು ಬೈಯುತ್ತಾನೆ ಅಂದರು. ಮೂರನೆಯವರು, ಪರಿಚಯದವರೇ, ಹೊಲಕ್ಕೆ ಬೇಲಿ ಹಾಕಿಸಿ ಸೈಟು ಮಾಡುತ್ತಿದ್ದಾರೆ. ಮಳೆ ಮೊದಲಿನ ಹಾಗೆ ಹೇಳಿ ಕೇಳಿ ಬರುತ್ತಿಲ್ಲ ಅಂತ ಮೂವರೂ ನನ್ನ ಜೊತೆ ಬಹಳ ಹೊತ್ತು ಬೇಸರಪಟ್ಟುಕೊಂಡರು.

ಎಂಬತ್ತು ಕುರಿ ಇನ್ನೂ ರಸ್ತೆಯ ಅಂಚಿನಲ್ಲೇ ಇವೆ. ರಸ್ತೆಯ ಮೇಲೆ ಬಿದ್ದ ಹಿಕ್ಕೆಗೆ ಯಾರೂ ಜೋಳ ಅಳೆಯುವುದಿಲ್ಲ.

ಭಾಲ್ಕಿಗೂ ಔರಾದಿಗೂ ನಡುವೆ, ಎತ್ತರದಲ್ಲಿ, ನಿಮ್ಮದೊಂದು ಹೊಲ ಖಾಲಿ ಬಿದ್ದಿದೆಯೇ?