ಹೊಟ್ಟೆಯಿಂದ ಬಿಚ್ಚುವ ಚೀಲ

ಮುಚ್ಚಿದ್ದನ್ನು ತೆರೆದು ನೋಡಬೇಕೆಂಬ ಹಂಬಲವೇ ಮನುಷ್ಯಕುಲವನ್ನು ಗುಹೆಯಿಂದ ಇಲ್ಲಿಯವರೆಗೆ ಕೈಹಿಡಿದು ನಡೆಸಿಕೊಂಡು ಬಂದಿದೆ ಎಂದು ಗಂಭೀರವಾಗಿ ಹೇಳಬಹುದು. ಚೀಲಗಳ ಮಟ್ಟಿಗೆ ಈ ಹಂಬಲ ಹಲ್ಲು, ಬೀಗದ ಕೈ, ಸ್ಕ್ರೂ ಡ್ರೈವರ್ ಮತ್ತು ಕುಡುಗೋಲಿನ ರೂಪದಲ್ಲಿ ಪ್ರಕಟವಾಗುತ್ತದೆ. ವೃತ್ತಿಜೀವನವಿಡೀ ಕಾಗದದ ಚೀಲಗಳನ್ನು ವಿನ್ಯಾಸ ಮಾಡಿದವನು ನಾನು. ‘ಇಲ್ಲಿ ತೆರೆಯಿರಿ’ ಎಂದು ಅಚ್ಚು ಹಾಕಿಸಿದ ಜಾಗದಲ್ಲೇ ಯಾರಾದರೂ ಚೀಲವನ್ನು ತೆರೆದದ್ದು ಕಂಡ ನೆನಪು ಬಹಳ ಕಡಿಮೆ.

ಕೊರೊನಾ ಕಳೆದು ಜನ ಮಾಸ್ಕನ್ನು ಮರೆತಿದ್ದ ಕಾಲ. ನಾನು ಆಗ ಹೊಸೂರಿನ ಹೊರಗಿದ್ದ ಒಂದು ಕಾಗದದ ಚೀಲದ ಕಾರ್ಖಾನೆಯಲ್ಲಿ ವಿನ್ಯಾಸ ವಿಭಾಗದ ಮುಖ್ಯಸ್ಥ. ಮುಖ್ಯಸ್ಥ ಎಂದರೆ, ಆ ವಿಭಾಗದಲ್ಲಿ ಇದ್ದವನೇ ನಾನೊಬ್ಬ. ನಿವೃತ್ತಿ ಹತ್ತಿರದಲ್ಲಿತ್ತು. ಊರಿನಲ್ಲಿ ಮೇಷ್ಟ್ರಾಗಿದ್ದ ನಮ್ಮ ತಂದೆ, ಮಗ ಎಂಜಿನಿಯರ್ ಆದ ಎಂದು ಎಲ್ಲರಿಗೂ ಹೇಳಿದ್ದರು. ಯಾವುದರ ಎಂಜಿನಿಯರ್ ಎಂಬುದನ್ನು ಮಾತ್ರ ಕೊನೆಯವರೆಗೂ ಯಾರಿಗೂ ಬಿಡಿಸಿ ಹೇಳಲಿಲ್ಲ.

ನಮ್ಮ ಚೀಲ ಅಂಗಡಿಯ ಪೊಟ್ಟಣವಲ್ಲ. ಕ್ರಾಫ್ಟ್ ಪೇಪರ್ ಎಂಬ ಕಂದು ಬಣ್ಣದ ಗಟ್ಟಿ ಕಾಗದವನ್ನು ಮೂರು ಪದರವಾಗಿ ಕೊಳವೆಯಂತೆ ಸುತ್ತಿ, ಬೆನ್ನುದ್ದಕ್ಕೂ ಅಂಟು ಹಾಕಿ, ತಳವನ್ನೂ ಬಾಯನ್ನೂ ಮುಚ್ಚಿದರೆ ಇಪ್ಪತ್ತೈದು ಕಿಲೋ ಪುಡಿ ಹಿಡಿಯುವ ಚೀಲವಾಗುತ್ತದೆ. ಗ್ರಾಹಕರು ಇದರಲ್ಲಿ ಬಯಸುವುದು ಎರಡೇ ಗುಣ. ದಾರಿಯಲ್ಲಿ ಏನೇ ಆದರೂ ತೆರೆದುಕೊಳ್ಳಬಾರದು. ಮನೆ ತಲುಪಿದ ಮೇಲೆ ಮುಟ್ಟಿದರೆ ತೆರೆದುಕೊಳ್ಳಬೇಕು. ಇಂಥ ಎರಡು ಗುಣಗಳನ್ನು ಒಟ್ಟಿಗೆ ನಿರೀಕ್ಷಿಸುವುದನ್ನು ನಾನು ಇನ್ನೊಂದು ಕಡೆ ಮಾತ್ರ ನೋಡಿದ್ದೇನೆ: ಅಳಿಯನನ್ನು ಹುಡುಕುವಾಗ. ತುಂಬಿದ ಚೀಲವನ್ನು ಎದೆಯೆತ್ತರದಿಂದ ಸಿಮೆಂಟ್ ನೆಲಕ್ಕೆ ಬೀಳಿಸಿ ಒಡೆಯುತ್ತದೆಯೇ ಎಂದು ನೋಡುವುದಕ್ಕೆ ಡ್ರಾಪ್ ಟೆಸ್ಟ್ ಎನ್ನುತ್ತಾರೆ. ನನ್ನ ವಿದ್ಯೆಯ ಬಹುಭಾಗ ಹೀಗೆ ಎತ್ತಿ ಹಾಕುವುದರಲ್ಲೇ ಖರ್ಚಾಯಿತು.

ನಮ್ಮ ಗ್ರಾಹಕರಲ್ಲಿ ಕೃಷ್ಣಗಿರಿ ಕಡೆಯ ಒಂದು ಸುಣ್ಣದ ಪುಡಿಯ ಕಂಪನಿ ಇತ್ತು. ಅವರ ಸುಣ್ಣ ಹೆಚ್ಚಾಗಿ ಕಾರ್ಖಾನೆಗಳಿಗೆ, ಕೊಳೆನೀರು ಶುದ್ಧ ಮಾಡುವ ಇಟಿಪಿ ಘಟಕಗಳಿಗೆ ಹೋಗುತ್ತಿತ್ತು. ಸ್ವಲ್ಪ ಭಾಗ ರೇಷ್ಮೆ ಸಾಕುವವರಿಗೆ. ರೇಷ್ಮೆಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಇದಕ್ಕೆ ನಮ್ಮಲ್ಲಿ ‘ಜ್ವರಕ್ಕೆ ಕೂರುವುದು’ ಎನ್ನುತ್ತಾರೆ. ಆಗ ಸೊಪ್ಪಿನ ಹಾಸಿಗೆ ಒಣಗಿರಲಿ ಎಂದು ಅದರ ಮೇಲೆ ತೆಳ್ಳಗೆ ಸುಣ್ಣ ಉದುರಿಸುತ್ತಾರೆ. ಹುಳುವಿಗೆ ಇದರಿಂದ ಕೇಡಿಲ್ಲ. ಮನುಷ್ಯನ ಕಣ್ಣಿಗೆ ಬಿದ್ದರೆ ಬೇರೆ ಮಾತು. ಸುಣ್ಣ ಕಣ್ಣಿನ ನೀರಿನೊಂದಿಗೆ ಸೇರಿ ಒಳಗೊಳಗೇ ಸುಡುತ್ತಾ ಹೋಗುತ್ತದೆ. ತೊಳೆಯುವುದು ತಡವಾದರೆ ನಿಲ್ಲುವುದಿಲ್ಲ.

ಆ ಕಂಪನಿಯ ಮಾರಾಟದ ಸೆಲ್ವಂ ಒಂದು ದಿನ ಫೋನ್ ಮಾಡಿದ. ಮನೆಯಲ್ಲಿ ತಮಿಳು, ನಮ್ಮೊಡನೆ ಕನ್ನಡ, ಬೈಯುವಾಗ ತೆಲುಗು ಆಡುವ ಮನುಷ್ಯ.

“ಸಾರ್, ಬೇರಿಕೆ ಕಡೆಯಿಂದ ಒಂದು ಕಂಪ್ಲೇಂಟು. ಚೀಲ ನಲ್ಲಾ ಐತೆ ಸಾರ್, ಎಲ್ಲೂ ಒಡ್ದಿಲ್ಲ.”

“ಮತ್ತೆ?”

“ಒಂದಮ್ಮಂದು ಕಣ್ಣು ಹೋಗ್ಬುಟ್ಟಿದೆ.”

ಬಾಗಲೂರು ದಾಟಿ ಬೇರಿಕೆಯ ಹತ್ತಿರದ ಹಳ್ಳಿಗೆ ಸೆಲ್ವಂನ ಜೊತೆ ಹೋದೆ. ಆಕೆಯ ಹೆಸರು ರತ್ನಮ್ಮ. ಗಂಡ ಮುನಿರಾಜು ಹೊಸೂರಿನ ಒಂದು ಫ್ಯಾಕ್ಟರಿಗೆ ಶಿಫ್ಟಿನ ಮೇಲೆ ಹೋಗಿಬರುವವನು. ಹುಳುವಿನ ಕೆಲಸವೆಲ್ಲ ಹೆಂಡತಿಯದು. ಅದೂ ಬರೀ ತಮ್ಮ ಮನೆಯದಲ್ಲ. ಮೊಟ್ಟೆಯೊಡೆದ ಎಳೆಹುಳುಗಳಿಗೆ ಚಾಕಿ ಎನ್ನುತ್ತಾರೆ. ಆ ವಯಸ್ಸಿನಲ್ಲಿ ಅವನ್ನು ಉಳಿಸುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಅರ್ಧ ಊರಿನ ಚಾಕಿಯನ್ನು ಸಾಕಿ ಕೊಡುತ್ತಿದ್ದವಳು ರತ್ನಮ್ಮ. ನಾವು ಹೋದಾಗ ಬಲಗಣ್ಣು ಹಾಲಿನಂತೆ ಬೆಳ್ಳಗಾಗಿತ್ತು.

“ಬನ್ನಿ ಸಾರ್, ಕೂತ್ಕಳ್ಳಿ. ಈ ಕಡೀಕ್ ಬನ್ನಿ. ಆ ಕಡೆ ಕೂತ್ರೆ ನೀವ್ ನಂಗೆ ಕಾಣ್ಸಲ್ಲ.”

ನಾನು ಜಾಗ ಬದಲಿಸಿದೆ. ಹೇಗಾಯಿತು ಎಂದು ಕೇಳಿದೆ.

“ಕುಡ್ಲಲ್ಲಿ ಕುಯ್ದೆ. ಒಳಗಿದ್ದ ಗಾಳಿ ಬುಸ್ ಅಂತು. ಮಕಕ್ಕೇ ಬಂತು.”

“ಮಕ ಬಗ್ಗಿಸ್ಕಂಡು ಕುಯ್ಯಬ್ಯಾಡ ಅಂತ ನೂರ್ ಸಲ ಹೇಳಿದ್ದೆ ಸಾರ್,” ಎಂದ ಮುನಿರಾಜು.

“ನೂರ್ ಸಲಾನೂ ಕಣ್ ಹೋದ್ಮೇಕೇನೇ ಹೇಳಿದ್ದು,” ಎಂದಳು ಆಕೆ. ಆಮೇಲೆ ನನ್ನ ಕಡೆ ತಿರುಗಿ, “ಇನ್ನೊಂದೈತಲ್ಲ ಸಾರ್, ಅದುನ್ನ ಉಳಿಸ್ಕಂಡ್ರೆ ಸಾಕಾಗೈತೆ. ಹುಳ ಜ್ವರಕ್ಕೆ ಕೂತೈತಾ, ಎದ್ದೈತಾ ಅಂತ ಕಣ್ಣಲ್ಲಿ ನೋಡ್ಬೇಕಲ್ಲ. ಕಿವೀಲಿ ಕೇಳಿದ್ರೆ ಹೇಳ್ತದಾ ಅದು?”

ಡಾಕ್ಟರು ಕೂಡ ಅದನ್ನೇ ಹೇಳಿದ್ದರಂತೆ: ಇನ್ನೊಂದು ಸಲ ಹೀಗಾದರೆ ಕತ್ತಲೆ. ಸುಣ್ಣದ ಚೀಲದ ಹತ್ತಿರ ಹೋಗಬೇಡ ಎನ್ನುವುದು ಸುಲಭ. ಆದರೆ ಸುಣ್ಣವಿಲ್ಲದೆ ಚಾಕಿ ಇಲ್ಲ.

ಕಾರ್ಖಾನೆಗೆ ಮರಳಿ ವರದಿ ಬರೆದೆವು. ‘ಚೀಲದ ಬಾಯಿ ತೆರೆಯಲು ಕಷ್ಟವಾಗಿ ಕುಡುಗೋಲು ಬಳಸಲಾಗಿದೆ.’ ಬಾಯಿಯ ವಿಚಾರ ರತ್ನಮ್ಮ ಎತ್ತಿರಲೇ ಇಲ್ಲ. ಚೀಲ ಎಂದಮೇಲೆ ಬಾಯಿಯಿಂದಲೇ ತೆರೆಯುತ್ತಾರೆ ಎಂಬುದು ಸಭೆಯಲ್ಲಿದ್ದ ಯಾರಿಗೂ ಸಂಶಯ ಬರುವಂಥ ವಿಷಯವಾಗಿರಲಿಲ್ಲ. ಬಾಯಿಯ ಕೆಳಗೆ ಅಡ್ಡಲಾಗಿ ಒಂದು ಟಿಯರ್ ಸ್ಟ್ರಿಪ್ ಇಟ್ಟೆವು. ಬಿಸ್ಕತ್ ಪೊಟ್ಟಣದ ಸುತ್ತ ಇರುತ್ತದಲ್ಲ, ಎಳೆದರೆ ಹರಿಯುವ ಕೆಂಪು ಪಟ್ಟಿ, ಅದರ ದೊಡ್ಡಣ್ಣ. ಮಗ್ಗುಲಲ್ಲಿ ನಾಲ್ಕು ಭಾಷೆಯ ಸೂಚನೆ, ಜೊತೆಗೆ ರಕ್ಷಣಾ ಕನ್ನಡಕ ಹಾಕಿಕೊಂಡು ನಗುತ್ತಾ ಪಟ್ಟಿ ಎಳೆಯುವ ಮನುಷ್ಯನ ಚಿತ್ರ. ಸುಣ್ಣದ ಚೀಲ ಬಿಚ್ಚುವಾಗ ಅಷ್ಟು ಸಂತೋಷಪಡುವವರನ್ನು ನಾನು ಆಮೇಲೂ ಕಂಡಿಲ್ಲ.

ಇಟಿಪಿ ಘಟಕಗಳವರು ಹೊಗಳಿದರು. ನಮ್ಮ ಮ್ಯಾನೇಜರು ಮೀಟಿಂಗಿನಲ್ಲಿ ನನ್ನ ಕೈ ಕುಲುಕಿದರು. ನಾನು ರತ್ನಮ್ಮನ ಮನೆಗೆ ಹೋಗಿ ನೋಡುವುದೊಂದೇ ಬಾಕಿ ಇತ್ತು.

ಹುಳುಮನೆಯೊಳಗೆ ಕಾಲಿಟ್ಟವನಿಗೆ ಮೊದಲು ಕಂಡದ್ದು ನಮ್ಮ ಚೀಲವೇ. ಬಿದಿರಿನ ತಟ್ಟೆಗಳ ಮೇಲೆ ಅಗಲವಾಗಿ ಹಾಸಿದ್ದರು. ಅದರ ಮೇಲೆ ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪು, ಸೊಪ್ಪಿನ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಹುಳುಗಳು. ತಟ್ಟೆಯ ಅಂಚಿನಲ್ಲಿ ಕೆಂಪು ಪಟ್ಟಿ ಹಾಗೇ ಇತ್ತು, ಯಾರೂ ಎಳೆದಿರಲಿಲ್ಲ. ಕನ್ನಡಕದ ಮನುಷ್ಯ ತಲೆಕೆಳಗಾಗಿ ನಗುತ್ತಿದ್ದ. ಅವನ ಹಣೆಯ ಮೇಲೆ ಒಂದು ಹುಳು ಹತ್ತುತ್ತಿತ್ತು.

“ಪಟ್ಟಿ ಎಳೀಲಿಲ್ವಾಮ್ಮ?” ಎಂದೆ.

“ಪಟ್ಟಿ ಚೆನ್ನಾಗೈತೆ ಸಾರ್. ಎಳುದ್ರೆ ಬಾಯ್ ಬಿಚ್ಕತದೆ. ಬಾಯ್ ತಕಂಡು ನಾವೇನ್ ಮಾಡಾನ?”

ಮುನಿರಾಜುವಿಗೆ ಅಂದು ರಜೆ. ಅವನು ಒಂದು ಚೀಲವನ್ನು ಎಳೆದು ತಂದು ನೆಲದ ಮೇಲೆ ಬೋರಲು ಮಲಗಿಸಿದ. ಬೆನ್ನಿನ ಅಂಟಿನ ಗೆರೆಗೆ ಕುಡುಗೋಲಿನ ಮೂತಿ ಇಟ್ಟು, ಹಲಸಿನ ಹಣ್ಣು ಸೀಳುವವನಂತೆ ಉದ್ದಕ್ಕೂ ಎಳೆದ. ಚೀಲ ಎರಡು ಮಗ್ಗುಲಿಗೆ ಬಿಚ್ಚಿಕೊಂಡು ಮಲಗಿತು. ನಡುವೆ ಸುಣ್ಣ ಗುಡ್ಡೆಯಾಗಿ ಅಲುಗಾಡದೆ ಕೂತಿತ್ತು. ನಾವು ಬೆನ್ನು ಎನ್ನುವುದು ಅವರ ಬಾಯಲ್ಲಿ ಹೊಟ್ಟೆ.

“ಬಾಯಿಂದ ಬಿಚ್ಚಿ ಬಗ್ಗಿಸಿದ್ರೆ ಮನೇಯೆಲ್ಲಾ ಸುಣ್ಣದ ದೂಳು ಸಾರ್. ಹೊಟ್ಟೆ ಸೀಳಿದ್ರೆ ಬಟ್ಲಲ್ಲಿ ತಕಂತ ಹೋಗ್ಬೋದು. ಪೇಪರ್ರೂ ಇಡಿಯಾಗಿ ಸಿಗ್ತದೆ, ಚಾಕಿಗೆ ಹಾಸಕ್ಕೆ. ಅಡಿ ಮಗ್ಗುಲಿಗೆ ಸುಣ್ಣ ಹತ್ತಿರ್ತದಲ್ಲ, ಬೂಸ್ಟು ಬರಲ್ಲ.”

“ಎಲ್ರೂ ಹೀಗೇನಾ?”

“ಈ ಸುತ್ತಮುತ್ತ ಸುಣ್ಣದ ಚೀಲದ ಬಾಯಿ ಬಿಚ್ಚಿದೋರ್ನ ನಾನ್ ನೋಡಿಲ್ಲ ಸಾರ್.”

“ಹಾಗಾದ್ರೆ ನೀನೇ ಸೀಳಿಕೊಡು. ಆಕೆ ಮುಟ್ಟೋದೇ ಬೇಡ.”

ಇದಕ್ಕೆ ಉತ್ತರ ಕೊಟ್ಟವಳು ರತ್ನಮ್ಮ. “ಇವ್ರ ಶಿಫ್ಟ್ ಕೇಳ್ಕಂಡು ಹುಳ ಜ್ವರಕ್ಕೆ ಕೂರಲ್ಲ ಸಾರ್.”

ಬರುವ ದಾರಿಯಲ್ಲಿ ಸೆಲ್ವಂ, “ನಾವು ಬಾಯಿಗೇ ನಾಲ್ಕು ಭಾಷೆ ಹಾಕಿದೀವಿ ಸಾರ್,” ಎಂದ.

ಪಟ್ಟಿಯನ್ನು ಬಾಯಿಯಿಂದ ಬೆನ್ನಿಗೆ ಸಾಗಿಸಬೇಕು ಎಂದು ನಾನು ಹೇಳಿದಾಗ ಮ್ಯಾನೇಜರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. “ಚೀಲಕ್ಕೆ ಸಿಸೇರಿಯನ್ನಾ?” ಎಂದರು. ಅವರ ಭಯ ಸುಳ್ಳಲ್ಲ. ಚೀಲ ಬಿದ್ದಾಗ ಒಳಗಿನ ಪುಡಿ ನೀರಿನಂತೆ ಮಗ್ಗುಲಿಗೆ ನುಗ್ಗುತ್ತದೆ. ಆ ಪೆಟ್ಟನ್ನು ತಡೆಯುವುದು ಅದೇ ಉದ್ದನೆಯ ಅಂಟು. ಸುಲಭವಾಗಿ ಹರಿಯುವ ಪಟ್ಟಿಯನ್ನು ಅಲ್ಲೇ ಇಡುವುದೆಂದರೆ ಕೋಟೆಯ ಬಾಗಿಲನ್ನು ಫಿರಂಗಿಯ ಎದುರಿಗೇ ತೆರೆದಿಟ್ಟಂತೆ. ಮೊದಲ ಮಾದರಿಗಳು ಡ್ರಾಪ್ ಟೆಸ್ಟಿನಲ್ಲಿ ಒಂದೊಂದಾಗಿ ಸಿಡಿದವು. ಕನ್ನಡಕ, ಮಾಸ್ಕು ಹಾಕಿಕೊಂಡು, ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ ನಾನು ಕ್ಯಾಂಟೀನಿಗೆ ಹೋದರೆ ಜನ ಗೌರವದಿಂದ ದಾರಿ ಬಿಡುತ್ತಿದ್ದರು. ಹೆಣಕ್ಕೂ ಹಾಗೆಯೇ ಬಿಡುತ್ತಾರೆ.

ಕೊನೆಗೆ ನಿಂತ ಉಪಾಯ ಹೀಗಿತ್ತು. ಪಟ್ಟಿ ಒಳಗಿನ ಎರಡು ಪದರಗಳಿಗೆ ಮಾತ್ರ ಅಂಟಿರಬೇಕು. ಹೊರಗಿನ ಪದರದ ಅಂಚು ಅದರ ಮೇಲೆ ಅಗಲವಾಗಿ ಮಡಚಿ ಕೂತು ಪೆಟ್ಟನ್ನು ತಾನು ತೆಗೆದುಕೊಳ್ಳಬೇಕು. ಎಳೆದಾಗ ಮಾತ್ರ ಪಟ್ಟಿ ಅದನ್ನೂ ಒಳಗಿನಿಂದ ಸೀಳಿಕೊಂಡು ಬರಬೇಕು. ಪಟ್ಟಿಯ ಬಾಲ ಚೀಲದ ತಳದ ಮಡಿಕೆಯೊಳಗೆ ಅಡಗಿರಬೇಕು. ಹಾಗಿದ್ದರೆ ಲಾರಿಯಲ್ಲಿ ಯಾರ ಕೈಗೂ ಯಾವ ಕೊಕ್ಕೆಗೂ ಸಿಗುವುದಿಲ್ಲ. ತೆರೆಯುವವರು ಬಾಲವನ್ನು ಬಿಡಿಸಿ, ಚೀಲದ ಕಾಲಿನ ಕಡೆ ನೆಟ್ಟಗೆ ನಿಂತು, ತಮ್ಮ ಕಡೆ ಎಳೆಯಬೇಕು. ಮುಖ ಸುಣ್ಣದಿಂದ ದೂರ ಇರುತ್ತದೆ. ಗಾಳಿಯೂ ಒಮ್ಮೆಲೇ ಬುಸ್ಸೆನ್ನದೆ ಎಳೆದಷ್ಟೇ ಹೊರಡುತ್ತದೆ. ಈ ಸಲ ಚೀಲ ಬೀಳುವಾಗ ಒಡೆಯಲಿಲ್ಲ, ಎಳೆಯುವಾಗ ತಡೆಯಲಿಲ್ಲ. ನನ್ನ ಸೇವೆಯಲ್ಲಿ ಈ ಎರಡೂ ಒಂದೇ ಚೀಲದಲ್ಲಿ ಕೂಡಿಬಂದದ್ದು ಅದೇ ಮೊದಲು.

ಮೊದಲ ಚೀಲವನ್ನು ರತ್ನಮ್ಮನೇ ಬಿಚ್ಚಬೇಕು ಎಂದು ಸೆಲ್ವಂ ಹಟ ಹಿಡಿದ. ಆಕೆ ಸೆರಗನ್ನು ಮೂಗಿಗೆ ಸುತ್ತಿಕೊಂಡು, ಎಡಗಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಂಡು ನಿಂತಳು. ಅಂದರೆ ಆಗ ಆಕೆಗೆ ಏನೂ ಕಾಣುತ್ತಿರಲಿಲ್ಲ. ಹಾಗೇ ಎಳೆದಳು. ಕಾಗದ ಸರ್ರನೆ ಬಿಚ್ಚಿಕೊಂಡಿತು. ಸದ್ದು ನಿಂತ ಮೇಲೂ ಆಕೆ ಕಣ್ಣು ತೆರೆಯಲಿಲ್ಲ.

“ಆಯ್ತಾ?” ಎಂದಳು.

“ಆಗಿ ಒಂದ್ ವಾರ ಆಯ್ತು, ಕಣ್ ಬುಡೇ,” ಎಂದ ಮುನಿರಾಜು.

ಆಕೆ ಕಣ್ಣು ಬಿಟ್ಟು ನೋಡಿದಳು. “ಬಾಳೆಹಣ್ ಸುಲುದಂಗೈತಲ್ಲ! ಇದುನ್ನ ಮೊದ್ಲೇ ಮಾಡಿದ್ರೆ ಏನಾಗ್ತಿತ್ತು ಸಾರ್ ನಿಮ್ಗೆ?” ಎಂದಳು. ಕೋಪದಿಂದ ಹೇಳಿದ್ದಲ್ಲ. ಕೋಪದಿಂದಲೇ ಹೇಳಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಆಮೇಲಿನ ಕೆಲವು ರೇಷ್ಮೆ ಬೆಳೆಗಳನ್ನು ರತ್ನಮ್ಮ ಆ ಚೀಲದ ಸುಣ್ಣದಲ್ಲೇ ತೆಗೆದಳು. ಸುತ್ತಲಿನ ಹಳ್ಳಿಯವರು ‘ಹೊಟ್ಟೆ ಚೀಲ’ ಎಂದು ಹೆಸರಿಟ್ಟು, ಅದನ್ನೇ ಕೇಳಿ ಕೊಂಡುಕೊಳ್ಳುತ್ತಿದ್ದರು. ಬೇರಿಕೆಯ ಕಡೆಯಿಂದ ಇನ್ನೊಂದು ಕಣ್ಣಿನ ಸುದ್ದಿ ಬರಲಿಲ್ಲ.

ಬೇರೆ ಸುದ್ದಿ ಬಂದದ್ದು ಕೃಷ್ಣಗಿರಿಯ ಸುಣ್ಣದ ಕಂಪನಿಯಿಂದ. ದೊಡ್ಡ ಗ್ರಾಹಕರಾದ ಕಾರ್ಖಾನೆಗಳವರು ಸುಣ್ಣವನ್ನು ಬಯಲಿನಲ್ಲೇ ಪೇರಿಸಿಡುತ್ತಾರೆ. ಮಳೆಗೆ ಕಾಗದ ನೆನೆಯುತ್ತದೆ. ಆದ್ದರಿಂದ ಕಂಪನಿಯವರು ಎಲ್ಲ ಸುಣ್ಣವನ್ನೂ ಪ್ಲಾಸ್ಟಿಕ್ ಚೀಲಕ್ಕೆ ಬದಲಿಸಿದ್ದಾರೆ. ಹೊರಗೆ ಹೆಣೆದ ಪ್ಲಾಸ್ಟಿಕ್, ಒಳಗೆ ಗಾಳಿಯಾಡದ ತೆಳು ಪ್ಲಾಸ್ಟಿಕ್ಕಿನ ಪೊರೆ. ನಾನು ಹೋಗಿ ಅವರ ಖರೀದಿ ಅಧಿಕಾರಿಯ ಎದುರು ಕೂತು ರತ್ನಮ್ಮನ ಕಥೆಯನ್ನೆಲ್ಲ ಹೇಳಿದೆ. ಸಜ್ಜನರು, ಪೂರ್ತಿ ಕೇಳಿದರು. ರೇಷ್ಮೆಯವರಿಗೆ ಹೋಗುವಷ್ಟನ್ನಾದರೂ ಕಾಗದದಲ್ಲಿ ತುಂಬಿಸಿ ಎಂದೆ.

“ಅಷ್ಟಕ್ಕಾಗಿ ಇನ್ನೊಂದು ಪ್ಯಾಕಿಂಗ್ ಲೈನ್ ಇಡಕ್ಕಾಗಲ್ಲ ಸಾರ್,” ಎಂದರು. “ನಿಮ್ಮ ಹೊಸ ಚೀಲ ಬಂದ್ಮೇಲೆ ಕಣ್ಣಿಗೆ ಬಿತ್ತು ಅಂತ ರೇಷ್ಮೆಯವರಿಂದ ಒಂದಾದರೂ ಕಂಪ್ಲೇಂಟ್ ಬಂದಿದ್ರೆ ಮ್ಯಾನೇಜ್ಮೆಂಟ್ ಮುಂದೆ ವಿಷಯ ಎತ್ತಬಹುದಾಗಿತ್ತು. ಏನೂ ಬಂದೇ ಇಲ್ಲ.”

ನಾನು ಅದೇ ವರ್ಷ ನಿವೃತ್ತನಾದೆ. ಶಾಲು ಹೊದಿಸಿದರು. ಹಾರ ಹಾಕಿದರು. ಹಾರ ಬಂದದ್ದು ಪ್ಲಾಸ್ಟಿಕ್ ಕವರಿನಲ್ಲಿ. ಅದರ ಗಂಟು ಬಿಚ್ಚಲಾಗದೆ ಮ್ಯಾನೇಜರು ಹಲ್ಲಿನಿಂದ ಕಚ್ಚಿದರು.

ಈಚೆಗೆ ಬೇರಿಕೆಯ ಕಡೆ ಹೋದವನು ಆ ಮನೆಗೂ ಹೋಗಿದ್ದೆ. ಮುನಿರಾಜು ಒಬ್ಬನೇ ಇದ್ದ. ಹುಳುಮನೆಯ ತಟ್ಟೆಗಳು ಗೋಡೆಗೆ ಒರಗಿದ್ದವು. ಮೊಳೆಯೊಂದಕ್ಕೆ ಅವನ ಫ್ಯಾಕ್ಟರಿಯ ರಕ್ಷಣಾ ಕನ್ನಡಕ ನೇತಾಡುತ್ತಿತ್ತು.

“ತಂದ್ಕೊಟ್ಟಿದ್ದೆ ಸಾರ್. ಆ ಸೆಕೆಗೆ ಗಾಜು ಮಂಜಾಗ್ತದೆ, ಹುಳ ಕಾಣ್ಸಲ್ಲ ಅಂತ ತೆಗ್ದಿಟ್ಲು. ಪ್ಲಾಸ್ಟಿಕ್ ಚೀಲ ಬಾಯಿಂದ ಬಿಚ್ಚಿದ್ರೂ ಒಳಗಿನ್ ಕವರ್ ಕುಯ್ಲೇಬೇಕಲ್ಲ. ಒಂದಿನ ಬುಸ್ ಅಂತು. ಕೆನ್ನೆಗಷ್ಟೇ ಬಿತ್ತು ಸಾರ್, ಕಣ್ಗಲ್ಲ. ಬೆಳಗಾಗೆದ್ದು ತಟ್ಟೆ ಎಲ್ಲಾ ತೊಳ್ದು ಒರಗಿಸ್ಬುಟ್ಲು.”

ಊರಿನವರು ಚಾಕಿಯನ್ನು ಈಗ ಬೇರೆ ಊರಿನಿಂದ ತರಿಸುತ್ತಾರಂತೆ.

ಚೀಲ ಕೊಳ್ಳುವವರು ಬೇರೆ, ಬಿಚ್ಚುವವರು ಬೇರೆ. ನಮಗೆ ಆರ್ಡರ್ ಕೊಡುವವರು ತಮ್ಮ ಕೈಯಾರೆ ಒಂದು ಚೀಲವನ್ನೂ ಬಿಚ್ಚಿರುವುದಿಲ್ಲ. ಬಿಚ್ಚುವವರಿಗೆ ಆರ್ಡರ್ ಕೊಡುವ ಅಧಿಕಾರವಿಲ್ಲ. ಈ ಇಬ್ಬರ ನಡುವೆ ಕೂತು ಡ್ರಾಯಿಂಗ್ ಬರೆದದ್ದೇ ನನ್ನ ವೃತ್ತಿ. ಅದು ಕಲಿಸಿದ ಪಾಠವೂ ಇಷ್ಟೇ. ಇದನ್ನು ತಿಳಿದುಕೊಂಡದ್ದರಿಂದ ಯಾವ ಚೀಲವೂ ಬದಲಾಗಲಿಲ್ಲ.

ರತ್ನಮ್ಮ ಈಗ ಬಾಗಲೂರಿನ ಕಡೆ ಗುಲಾಬಿಯ ಶೆಡ್ಡಿನಲ್ಲಿ ಹೂ ಕೊಯ್ಯುವ ಕೂಲಿಗೆ ಹೋಗುತ್ತಾಳೆ. ಎಡಗಣ್ಣು ಚೆನ್ನಾಗಿದೆ.